ಇಡೀ ಬಾಯಿಯ ಹಲ್ಲು ಕಟ್ಟಿಸಲು ಎಲ್ಲಿಗೆ ಹೋಗೋದು: ಮೆಕ್ಸಿಕೋ, ಟರ್ಕಿ, ಇಲ್ಲಾ ಮೈಸೂರು?

ಮೈಸೂರು, ಮಂಡ್ಯದ ಕಡೆ ಈಗ ಯಾವ ಬೀದಿಗೆ ಹೋದರೂ ಮಗನೋ ಮಗಳೋ ಹೊರದೇಶದಲ್ಲಿರುವ ಮನೆ ಸಿಗುತ್ತದೆ. ಆ ಮಕ್ಕಳಿಗೂ ಈಗ ನಲವತ್ತೈದು, ಐವತ್ತು ದಾಟಿದೆ. ಹಲ್ಲು ಸವೆದಿವೆ, ನಾಲ್ಕೈದು ಬಿದ್ದಿವೆ, ಹಳೆಯ ಕ್ಯಾಪ್‌ಗಳು ಅಲ್ಲಾಡುತ್ತಿವೆ. ಅಮೆರಿಕದ ಡಾಕ್ಟರ್ ಹೇಳಿದ ಮೊತ್ತ ಕೇಳಿ ಎದೆ ಧಸಕ್ ಅಂದಿರುತ್ತದೆ. ಆಗ ಊರಿಗೆ ಫೋನ್ ಬರುತ್ತದೆ. "ಮೆಕ್ಸಿಕೋಗೆ ಹೋಗಿ ಮಾಡಿಸ್ಕೊಳ್ಲಾ, ಇಲ್ಲ ಅಲ್ಲಿಗೇ ಬಂದುಬಿಡ್ಲಾ?"

ನಮ್ಮ ನೆಂಟರಿಷ್ಟರಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ವಿಚಾರಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಿದ್ದಿದೆ. ಹತ್ತಾರು ಡಾಕ್ಟರ್‌ಗಳ ಹತ್ತಿರ ಮಾತಾಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ರೇಟು ನೋಡಿ ದೇಶ ಆರಿಸಬೇಡಿ. ಹಲ್ಲು ಕೂರಿಸಿದ ಮೂರನೇ ವರ್ಷ ಅದನ್ನು ಹಿಡಿದಿಟ್ಟ ಒಂದು ಸ್ಕ್ರೂ ಸಡಿಲವಾದರೆ ಯಾರ ಹತ್ತಿರ ಹೋಗುತ್ತೀರಿ? ಅದಕ್ಕೆ ಮೊದಲು ಉತ್ತರ ಹುಡುಕಿ. ರೇಟು ಆಮೇಲೆ.

ಮೊದಲು ನಿಮಗೆ ಬೇಕಾದ ಕೆಲಸ ಯಾವುದು

ಫುಲ್ ಮೌತ್ ಅಂತ ಎಲ್ಲರೂ ಹೇಳುತ್ತಾರೆ. ಅದೇ ಹೆಸರಿನಲ್ಲಿ ತೀರಾ ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಒಬ್ಬರು ಎರಡು ಲಕ್ಷ ಅಂದರು, ಇನ್ನೊಬ್ಬರು ಹತ್ತು ಲಕ್ಷ ಅಂದರು ಎಂದು ಗಾಬರಿಯಾಗುವವರು ಬಹಳಷ್ಟು ಸಲ ಎರಡು ಬೇರೆ ಚಿಕಿತ್ಸೆಗಳ ಬೆಲೆಯನ್ನು ಹೋಲಿಸುತ್ತಿರುತ್ತಾರೆ.

ಹಲ್ಲುಗಳು ಸವೆದು ಗಿಡ್ಡವಾಗಿವೆ, ಬೇರು ಮಾತ್ರ ಗಟ್ಟಿಯಾಗಿದೆ ಅಂದುಕೊಳ್ಳಿ. ಅಂಥವರಿಗೆ ಬೇಕಾದಲ್ಲಿ ರೂಟ್ ಕೆನಾಲ್ ಮಾಡಿ, ಎಲ್ಲಕ್ಕೂ ಕ್ಯಾಪ್ ಹಾಕಿ, ಕಚ್ಚುವ ಎತ್ತರವನ್ನು ಮತ್ತೆ ಮೊದಲಿನ ಮಟ್ಟಕ್ಕೆ ತರುತ್ತಾರೆ. ಇದು ನಾಜೂಕಿನ ಕೆಲಸ. ಹೊಸ ಎತ್ತರಕ್ಕೆ ದವಡೆಯ ಕೀಲು ಹೊಂದಿಕೊಳ್ಳುತ್ತದೆಯೇ ಎಂದು ನೋಡಲು ಕೆಲವು ವಾರ ತಾತ್ಕಾಲಿಕ ಕ್ಯಾಪ್ ಹಾಕಿ ಬಿಡುವ ಡಾಕ್ಟರೇ ಒಳ್ಳೆಯ ಡಾಕ್ಟರ್. ಒಂದೇ ವಾರದಲ್ಲಿ ಇಪ್ಪತ್ತೆಂಟು ಹಲ್ಲಿಗೂ ಕ್ಯಾಪ್ ಮುಗಿಸಿ ಕಳಿಸುತ್ತೇವೆ ಅನ್ನುವ ಕಡೆ, ಅದು ಯಾವ ದೇಶವೇ ಆಗಲಿ, ನಾನು ಯಾರನ್ನೂ ಕಳಿಸುವುದಿಲ್ಲ.

ಹಲ್ಲೇ ಇಲ್ಲದವರಿಗೆ ಹಳೆಯ ದಾರಿ ಹಲ್ಲಿನ ಸೆಟ್. ರಾತ್ರಿ ತೆಗೆದು ನೀರಿನಲ್ಲಿಡುವಂಥದ್ದು. ಮೇಲಿನ ಸೆಟ್ ಅಂಗುಳಿಗೆ ಅಂಟಿಕೊಂಡು ಚೆನ್ನಾಗಿಯೇ ನಿಲ್ಲುತ್ತದೆ. ಕೆಳಗಿನದ್ದೇ ಕಷ್ಟ. ಅಲ್ಲಿ ಹಿಡಿತಕ್ಕೆ ಜಾಗ ಕಡಿಮೆ, ನಾಲಿಗೆ ಬೇರೆ ತಳ್ಳುತ್ತಿರುತ್ತದೆ. ಇದಕ್ಕೊಂದು ಸುಲಭ ಪರಿಹಾರ ಇದೆ. ಕೆಳದವಡೆಯ ಮುಂಭಾಗದಲ್ಲಿ ಎರಡೇ ಎರಡು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಸ್ಕ್ರೂ) ಹಾಕಿ, ಸೆಟ್ ಅದರ ಮೇಲೆ ಅಂಗಿಯ ಒತ್ತುಗುಂಡಿಯ ಹಾಗೆ ಕೂರುವಂತೆ ಮಾಡುತ್ತಾರೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಮೊದಲು ಇದನ್ನೇ ಯೋಚಿಸಬೇಕು ಎಂದು ಹೇಳಿದ್ದರು. ನಮ್ಮ ಹಿರಿಯರಿಗೆ ಇದರ ಬಗ್ಗೆ ಹೇಳುವವರೇ ಕಡಿಮೆ. ಸೆಟ್ ಬೇಡ ಅಂದ ಕೂಡಲೇ ನೇರವಾಗಿ ಲಕ್ಷಗಟ್ಟಲೆಯ ಪ್ಯಾಕೇಜ್ ತೋರಿಸುತ್ತಾರೆ.

ಆ ಲಕ್ಷಗಟ್ಟಲೆಯ ಪ್ಯಾಕೇಜ್ ಅಂದರೆ ಒಂದು ದವಡೆಗೆ ನಾಲ್ಕು ಅಥವಾ ಆರು ಇಂಪ್ಲಾಂಟ್ ಹಾಕಿ, ಅದರ ಮೇಲೆ ಇಡೀ ಸಾಲನ್ನು ಸ್ಕ್ರೂ ಹಾಕಿ ಬಿಗಿಯುವುದು. ಇದನ್ನೇ ಫಿಕ್ಸೆಡ್ ಹಲ್ಲು ಅನ್ನುತ್ತಾರೆ. ನಾಲ್ಕರ ವಿಧಾನವನ್ನು ಬೆಳೆಸಿದವರು ಪೋರ್ಚುಗಲ್‌ನ ಲಿಸ್ಬನ್‌ನ ಡಾಕ್ಟರ್ ಪಾಲೋ ಮಾಲೋ, 1990ರ ದಶಕದ ಕೊನೆಯಲ್ಲಿ. ಹಿಂದಿನ ಎರಡು ಇಂಪ್ಲಾಂಟನ್ನು ಓರೆಯಾಗಿ ಕೂರಿಸುವುದರಿಂದ ಮೇಲೆ ಮೂಗಿನ ಪಕ್ಕದ ಗಾಳಿಗೂಡಾದ ಸೈನಸ್‌ಗೂ ಕೆಳಗೆ ನರಕ್ಕೂ ತಾಗುವುದಿಲ್ಲ. ಮೂಳೆ ಕಡಿಮೆ ಇದ್ದವರಿಗೂ ಬಹಳ ಸಲ ಇದು ಆಗುತ್ತದೆ. ಒಳ್ಳೆಯ ಚಿಕಿತ್ಸೆ, ಅನುಮಾನ ಇಲ್ಲ.

ಆದರೆ ಇದನ್ನು ಹಾಕಲು ಗಟ್ಟಿ ಹಲ್ಲನ್ನೂ ಕೀಳುವುದು ಈಗ ಜಾಸ್ತಿಯಾಗಿದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಹತ್ತು ಹನ್ನೆರಡು ಒಳ್ಳೆಯ ಹಲ್ಲು ಉಳಿದಿದ್ದರೂ "ಎಲ್ಲಾ ತೆಗೆದುಬಿಡೋಣ, ಒಂದೇ ಸಲಕ್ಕೆ ಮುಗಿಯುತ್ತೆ" ಅನ್ನುತ್ತಾರೆ. ಸ್ವಂತ ಹಲ್ಲು ಒಮ್ಮೆ ಹೋದರೆ ಹೋಯಿತು. ಹಾಗಾಗಿ ಎಲ್ಲ ಹಲ್ಲೂ ಒಂದೇ ಚಿತ್ರದಲ್ಲಿ ಕಾಣುವ ಒಂದು ಓಪಿಜಿ ಎಕ್ಸ್‌ರೇ ತೆಗೆಸಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಡಾಕ್ಟರ್‌ಗೆ ತೋರಿಸಿ. ಇಬ್ಬರೂ ಕೀಳಲೇಬೇಕು ಅಂದರೆ ಮಾತ್ರ ಮುಂದಿನ ಮಾತು.

ಎರಡು ಸಲ ಬರಬೇಕು, ಅದನ್ನು ತಪ್ಪಿಸಲಾಗದು

ಇಂಪ್ಲಾಂಟ್ ಅಂದರೆ ಟೈಟಾನಿಯಂ ಸ್ಕ್ರೂ. ಮೂಳೆ ಅದಕ್ಕೆ ತಾನಾಗಿಯೇ ಅಂಟಿಕೊಳ್ಳುತ್ತದೆ ಎಂಬುದನ್ನು 1950ರ ದಶಕದಲ್ಲಿ ಕಂಡುಕೊಂಡವರು ಸ್ವೀಡನ್‌ನ ಡಾಕ್ಟರ್ ಬ್ರೋನೆಮಾರ್ಕ್. ಅವರು ಮೊಲದ ಕಾಲಿನ ಮೂಳೆಯ ಮೇಲೆ ಬೇರೆ ಏನನ್ನೋ ಅಧ್ಯಯನ ಮಾಡುತ್ತಿದ್ದಾಗ ಇದು ಕಣ್ಣಿಗೆ ಬಿತ್ತು. 1965ರಲ್ಲಿ ಮೊದಲ ರೋಗಿಗೆ ಹಾಕಿದರು. ಅಂದಿನಿಂದ ಸಲಕರಣೆ ಎಷ್ಟೋ ಬದಲಾಗಿದೆ, ಆದರೂ ಮೂಳೆ ಕೂಡಲು ಸಮಯ ಬೇಕೇ ಬೇಕು. ಸಾಮಾನ್ಯವಾಗಿ ಕೆಳದವಡೆಗೆ ಸುಮಾರು ಮೂರು ತಿಂಗಳು, ಮೇಲಿನದಕ್ಕೆ ನಾಲ್ಕರಿಂದ ಆರು ತಿಂಗಳು. ನಾಟಿ ಮಾಡಿದ ಪೈರು ಬೇರು ಹಿಡಿಯುವ ತನಕ ಕಾಯುತ್ತೇವಲ್ಲ, ಇಲ್ಲೂ ಹಾಗೇ ಕಾಯಬೇಕು.

ಹಾಗಾದರೆ ಅದೇ ದಿನ ಹಲ್ಲು ಕೊಡುತ್ತೇವೆ ಅನ್ನುತ್ತಾರಲ್ಲ? ಕೊಡುತ್ತಾರೆ. ಇಂಪ್ಲಾಂಟ್ ಬಿಗಿಯಾಗಿ ಕೂತಿದ್ದರೆ ಒಂದೆರಡು ದಿನದಲ್ಲೇ ಅಕ್ರಿಲಿಕ್‌ನ ತಾತ್ಕಾಲಿಕ ಸಾಲು ಹಾಕಬಹುದು. ಅದರಲ್ಲಿ ಮೆತ್ತಗಿನ ಊಟ ಮಾತ್ರ. ಗಟ್ಟಿ ಸಾಲು, ಪಿಂಗಾಣಿಯಂಥ ಜಿರ್ಕೋನಿಯಾ ಆಗಲಿ ಲೋಹದ ಮೇಲಿನದಾಗಲಿ, ಸಾಮಾನ್ಯವಾಗಿ ಮೂಳೆ ಕೂಡಿದ ಮೇಲೆಯೇ. ಅಂದರೆ ಎರಡನೇ ಪ್ರಯಾಣ. ಈ ಎರಡನೇ ಟಿಕೆಟ್ಟಿನ ಮಾತು ಜಾಹೀರಾತಿನಲ್ಲಿ ಇರುವುದಿಲ್ಲ.

ನಮ್ಮಲ್ಲಿ "ಮೂರೇ ದಿನದಲ್ಲಿ ಫಿಕ್ಸೆಡ್ ಹಲ್ಲು" ಎಂಬ ಬೋರ್ಡುಗಳೂ ಕಾಣುತ್ತವೆ. ಅದು ಬೇಸಲ್ ಇಂಪ್ಲಾಂಟ್ ಎಂಬ ಬೇರೆಯೇ ವಿಧಾನ. ದವಡೆಯ ಹೊರಪದರದ ಗಟ್ಟಿ ಮೂಳೆಯನ್ನು ಹಿಡಿದುಕೊಳ್ಳುವಂತೆ ಉದ್ದದ ಸ್ಕ್ರೂ ಕೂರಿಸುತ್ತಾರೆ. ಮೈಸೂರಿನಲ್ಲೇ ಇರುವವರು ಬೇಕಾದರೆ ವಿಚಾರಿಸಲಿ. ಹೊರದೇಶಕ್ಕೆ ವಾಪಸ್ ಹೋಗುವವರಿಗೆ ನಾನು ಬೇಡ ಅನ್ನುತ್ತೇನೆ. ತೊಂದರೆ ಬಂದರೆ ಅಲ್ಲಿ ಅದನ್ನು ಬಲ್ಲ ಡಾಕ್ಟರ್ ಸಿಗುವುದು ಕಷ್ಟ.

ಯಾರಿಗೆ ಯಾವ ದೇಶ

ಅಮೆರಿಕದಲ್ಲಿರುವವರು ಮೊದಲು ಅಮೆರಿಕವನ್ನೇ ಪೂರ್ತಿ ನೋಡಿ. ಅಲ್ಲಿಯ ಡೆಂಟಲ್ ಇನ್ಶೂರೆನ್ಸ್ ಹೆಚ್ಚಿನವು ವರ್ಷಕ್ಕೆ 1000ದಿಂದ 2000 ಡಾಲರ್‌ಗೆ ನಿಂತುಬಿಡುತ್ತವೆ. ವಯಸ್ಸಾದವರ ಮೆಡಿಕೇರ್‌ನ ಮೂಲ ಯೋಜನೆ ಹಲ್ಲಿನ ಸೆಟ್‌ಗೂ ದುಡ್ಡು ಕೊಡುವುದಿಲ್ಲ. ಒಂದು ದವಡೆಯ ಫಿಕ್ಸೆಡ್ ಕೆಲಸಕ್ಕೆ 20ರಿಂದ 30 ಸಾವಿರ ಡಾಲರ್ ಹೇಳುವುದು ಸಾಮಾನ್ಯ. ಆದರೂ ಎರಡು ದಾರಿ ಇವೆ. ಒಂದು, ವಿಶ್ವವಿದ್ಯಾಲಯಗಳ ದಂತ ಕಾಲೇಜು. ಅಲ್ಲಿ ಖರ್ಚು ಕಡಿಮೆ, ಸಮಯ ಜಾಸ್ತಿ. ಇನ್ನೊಂದು, ಕೆಲಸವನ್ನು ಡಿಸೆಂಬರ್ ಮತ್ತು ಜನವರಿಗೆ ಹಂಚಿ ಎರಡು ವರ್ಷದ ಇನ್ಶೂರೆನ್ಸ್ ಬಳಸಿಕೊಳ್ಳುವುದು. ಬರೀ ಮೂರು ನಾಲ್ಕು ಕ್ಯಾಪ್ ಕೆಲಸ ಇದ್ದವರಿಗೆ ಇಷ್ಟೇ ಸಾಕಾಗಬಹುದು.

ಅರಿಜೋನಾ, ದಕ್ಷಿಣ ಕ್ಯಾಲಿಫೋರ್ನಿಯಾದವರಿಗೆ ಮೆಕ್ಸಿಕೋ ಒಳ್ಳೆಯ ಆಯ್ಕೆ. ಅರಿಜೋನಾದ ಯೂಮಾ ಹತ್ತಿರ ಗಡಿ ದಾಟಿದರೆ ಲಾಸ್ ಅಲ್ಗೊಡೋನೆಸ್ ಎಂಬ ಸಣ್ಣ ಊರು. ದವಡೆ ಹಲ್ಲಿನ ಊರು ಅಂತಲೇ ಅದಕ್ಕೆ ಹೆಸರು, ನೂರಾರು ಹಲ್ಲಿನ ಡಾಕ್ಟರ್‌ಗಳು ಅಲ್ಲಿದ್ದಾರೆ. ಕಾರನ್ನು ಅಮೆರಿಕದ ಕಡೆಯೇ ನಿಲ್ಲಿಸಿ ನಡೆದು ಹೋಗುತ್ತಾರೆ. ಸ್ಯಾನ್ ಡಿಯಾಗೋದವರಿಗೆ ತಿಹ್ವಾನಾ ಪಕ್ಕದಲ್ಲೇ. ರೇಟು ಅಮೆರಿಕದ ಅರ್ಧಕ್ಕಿಂತ ಕೆಳಗೂ ಸಿಗುತ್ತದೆ. ಅದಕ್ಕಿಂತ ದೊಡ್ಡ ಅನುಕೂಲ ಅಂದರೆ, ಏನಾದರೂ ಆದರೆ ಶನಿವಾರ ಕಾರು ಹತ್ತಿ ಅದೇ ಡಾಕ್ಟರ್ ಹತ್ತಿರ ಹೋಗಬಹುದು. ನ್ಯೂಜೆರ್ಸಿಯವರಿಗೆ ಈ ಅನುಕೂಲ ಇಲ್ಲ. ಅವರಿಗೆ ಮೆಕ್ಸಿಕೋನೂ ವಿಮಾನದ ದಾರಿಯೇ.

ಎಚ್‌1ಬಿ ಎಂಬ ಕೆಲಸದ ವೀಸಾದವರಿಗೆ ಒಂದು ಎಚ್ಚರಿಕೆ. ಗಡಿ ದಾಟುವ ಮೊದಲು ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪಿಂಗ್ ಇನ್ನೂ ಊರ್ಜಿತವಾಗಿದೆಯೇ ನೋಡಿ. ಭಾರತಕ್ಕೆ ಬರುವವರಿಗೂ ಇದೇ ಮಾತು. ಹಲ್ಲಿಗೆಂದು ಬಂದು ಸ್ಟಾಂಪಿಂಗ್ ಅಪಾಯಿಂಟ್‌ಮೆಂಟಿಗೆ ಕಾಯುತ್ತಾ ಕೂರುವಂತಾಗಬಾರದು.

ಇಂಗ್ಲೆಂಡಿನಲ್ಲಿರುವ ನಮ್ಮ ಹುಡುಗರು ಟರ್ಕಿ ಅನ್ನುತ್ತಾರೆ. ಇಸ್ತಾಂಬುಲ್, ಅಂಟಾಲ್ಯದಲ್ಲಿ ಹೋಟೆಲು, ಕಾರು, ಹಲ್ಲು ಎಲ್ಲಾ ಸೇರಿಸಿ ಪ್ಯಾಕೇಜ್ ಮಾಡಿರುತ್ತಾರೆ. ಅಲ್ಲಿ ಒಳ್ಳೆಯ ಡಾಕ್ಟರ್‌ಗಳು ಖಂಡಿತ ಇದ್ದಾರೆ. ನನ್ನ ಭಯ ಇರುವುದು ಇಪ್ಪತ್ತೈದು, ಮೂವತ್ತರ ವಯಸ್ಸಿನವರ ಬಗ್ಗೆ. ಬೆಳ್ಳಗೆ ಸಾಲಾಗಿ ಕಾಣಲಿ ಎಂದು ಆರೋಗ್ಯವಾದ ಹಲ್ಲನ್ನೇ ಅರೆದು ಸಣ್ಣ ಮಾಡಿಸಿ ಕ್ಯಾಪ್ ಹಾಕಿಸಿಕೊಂಡು ಬರುತ್ತಾರೆ. ಪೂರ್ತಿ ಕ್ಯಾಪ್‌ಗೆ ಹಲ್ಲಿನ ಮೇಲ್ಭಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿಬಿಡುತ್ತದೆ. ಆಮೇಲೆ ಕೆಲವು ಹಲ್ಲಿನ ನರ ಸಾಯುತ್ತದೆ, ರೂಟ್ ಕೆನಾಲ್ ಬೇಕಾಗುತ್ತದೆ. ಕ್ಯಾಪ್‌ಗೂ ಆಯಸ್ಸು ಇದೆ. ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಿಸುತ್ತಾ ಹೋದರೆ ಅರವತ್ತರ ಹೊತ್ತಿಗೆ ಏನು ಉಳಿಯುತ್ತದೆ? ಹಲ್ಲು ಸೊಟ್ಟಗಿದ್ದರೆ ಕ್ಲಿಪ್ ಹಾಕಿಸಿ ಸರಿ ಮಾಡಿಸಿಕೊಳ್ಳಲಿ.

ಹಂಗೇರಿ ಯುರೋಪಿನಲ್ಲಿ ಹಳೆಯ ಹೆಸರು. ಆಸ್ಟ್ರಿಯಾದವರು ಗಡಿ ಊರುಗಳಿಗೆ ಹೋಗಿ ಹಲ್ಲು ಮಾಡಿಸಿಕೊಂಡು ಬರುವುದು ಬಹಳ ಕಾಲದಿಂದ ಇದೆ. ಜರ್ಮನಿ, ಇಂಗ್ಲೆಂಡಿನವರಿಗೆ ಬುಡಾಪೆಸ್ಟ್ ಎರಡು ಎರಡೂವರೆ ಗಂಟೆಯ ವಿಮಾನದ ದಾರಿ. ನಾನಾದರೆ ಟರ್ಕಿಗಿಂತ ಮೊದಲು ಇದನ್ನು ವಿಚಾರಿಸುತ್ತೇನೆ. ಆಸ್ಟ್ರೇಲಿಯಾ, ಸಿಂಗಪುರದವರಿಗೆ ಬ್ಯಾಂಕಾಕ್ ಇದೆ.

ದುಬೈ, ಕತಾರ್, ಮಸ್ಕತ್‌ನಲ್ಲಿರುವವರು ಸುಮ್ನೆ ತಲೆ ಕೆಡಿಸಿಕೊಳ್ಳುವುದೇ ಬೇಡ. ನಾಲ್ಕು ಗಂಟೆಯಲ್ಲಿ ಬೆಂಗಳೂರು, ಅಲ್ಲಿಂದ ಫ್ಲೈಬಸ್ ಹತ್ತಿದರೆ ಮೈಸೂರು. ಎರಡಲ್ಲ, ನಾಲ್ಕು ಸಲ ಬೇಕಾದರೂ ಬಂದು ಹೋಗಬಹುದು.

ಮೈಸೂರಿನಲ್ಲಿ ಏನು ಸಿಗುತ್ತದೆ

ಮೈಸೂರಿನಲ್ಲಿ ಬನ್ನಿಮಂಟಪದ ಕಡೆ ಜೆಎಸ್‌ಎಸ್ ದಂತ ಕಾಲೇಜು, ತಿಲಕ್ ನಗರದಲ್ಲಿ ಫಾರೂಕಿಯಾ ದಂತ ಕಾಲೇಜು ಇವೆ. ಕಾಲೇಜು ಆಸ್ಪತ್ರೆ ಅಂದರೆ ಹುಡುಗರು ಕಲಿಯುವ ಜಾಗ ಎಂದು ಕೆಲವರು ಹಿಂಜರಿಯುತ್ತಾರೆ. ಆದರೆ ಕಷ್ಟದ ಕೇಸುಗಳನ್ನು ಎಂಡಿಎಸ್ (ಹಲ್ಲಿನ ಸ್ನಾತಕೋತ್ತರ) ವಿದ್ಯಾರ್ಥಿಗಳು ಪ್ರೊಫೆಸರ್‌ಗಳ ಕೈಕೆಳಗೆ ಮಾಡುತ್ತಾರೆ. ವಸಡಿನವರು, ಸರ್ಜರಿಯವರು, ಹಲ್ಲು ಕಟ್ಟುವವರು ಒಂದೇ ಕಟ್ಟಡದಲ್ಲಿ ಸಿಗುತ್ತಾರೆ. ಸಮಯ ಮಾತ್ರ ಹೋಗುತ್ತದೆ. ಮೂರು ವಾರದ ರಜೆಯಲ್ಲಿ ಬಂದವರಿಗೆ ಇದು ಒಗ್ಗುವುದಿಲ್ಲ. ಊರಿನಲ್ಲೇ ಇರುವವರಿಗೆ ನನ್ನ ಮೊದಲ ಸಲಹೆ ಇದೇ.

ಖಾಸಗಿ ಕ್ಲಿನಿಕ್‌ಗಳಲ್ಲಿ ಒಂದು ದವಡೆಯ ಫಿಕ್ಸೆಡ್ ಕೆಲಸಕ್ಕೆ ಸುಮಾರಾಗಿ ಎರಡರಿಂದ ನಾಲ್ಕು ಲಕ್ಷ ಆಗುತ್ತದೆ. ಇಂಪ್ಲಾಂಟ್ ಯಾವ ಕಂಪನಿಯದು, ಮೇಲಿನ ಸಾಲು ಯಾವುದರಿಂದ ಮಾಡಿದ್ದು ಎಂಬುದರ ಮೇಲೆ ಏರಿಳಿತ.

ಡಾಕ್ಟರ್ ಯಾರು ಅನ್ನುವುದು ಬೋರ್ಡಿಗಿಂತ ಮುಖ್ಯ. ಇಡೀ ಬಾಯಿಯ ಕೆಲಸಕ್ಕೆ ಪ್ರಾಸ್ತೊಡಾಂಟಿಕ್ಸ್‌ನಲ್ಲಿ ಎಂಡಿಎಸ್ ಮಾಡಿದವರನ್ನು ಹುಡುಕಿ. ಬಿಡಿಎಸ್ ಐದು ವರ್ಷ, ಅದರ ಮೇಲೆ ಮೂರು ವರ್ಷ ಹಲ್ಲು ಕಟ್ಟುವುದನ್ನೇ ಕಲಿತವರು ಅವರು. ಕರ್ನಾಟಕ ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ದವಡೆಯ ಮೂಳೆಯನ್ನು ಎಲ್ಲ ಕಡೆಯಿಂದ ತೋರಿಸುವ ಸಿಬಿಸಿಟಿ ಸ್ಕ್ಯಾನ್ ನೋಡದೆ ಎಷ್ಟು ಇಂಪ್ಲಾಂಟ್ ಅಂತ ಹೇಳುವವರನ್ನು ಬಿಟ್ಟುಬಿಡಿ.

ಇನ್ನು ಕಂಪನಿಯ ವಿಷಯ. ಸ್ವಿಟ್ಜರ್‌ಲೆಂಡಿನ ಸ್ಟ್ರಾಮನ್, ಸ್ವೀಡನ್ ಮೂಲದ ನೋಬೆಲ್ ಬಯೋಕೇರ್ ದುಬಾರಿ. ಕೊರಿಯಾದ ಆಸ್ಟೆಮ್ ಕಡಿಮೆ. ಮೂರೂ ಇಲ್ಲೂ ಸಿಗುತ್ತವೆ, ಅಮೆರಿಕದಲ್ಲೂ ಸಿಗುತ್ತವೆ. ಒಂದೊಂದು ಕಂಪನಿಯ ಸ್ಕ್ರೂಗೂ ಒಂದೊಂದು ಥರದ ಡ್ರೈವರ್ ಬೇಕು. ಹಾಗಾಗಿ ನೀವು ಇರುವ ಊರಿನಲ್ಲಿ ಬಿಡಿಭಾಗ ಸಿಗುವ ಕಂಪನಿಯನ್ನೇ ಹಾಕಿಸಿ. ನಮ್ಮ ನೆಂಟರ ಹುಡುಗನೊಬ್ಬ ಇಲ್ಲಿಯ ಒಂದು ಕ್ಲಿನಿಕ್‌ನಲ್ಲಿ ಮೇಲಿನ ಸಾಲು ಹಾಕಿಸಿಕೊಂಡು ಹೊರದೇಶಕ್ಕೆ ವಾಪಸ್ ಹೋದ. ಆಮೇಲೆ ಅಲ್ಲಿ ಒಂದು ಸ್ಕ್ರೂ ಸಡಿಲವಾಯಿತು. ಯಾವ ಕಂಪನಿಯದು ಎಂದು ಹೇಳುವ ಒಂದು ಚೀಟಿಯೂ ಅವನ ಹತ್ತಿರ ಇರಲಿಲ್ಲ, ಅಲ್ಲಿಯ ಡಾಕ್ಟರ್‌ಗಳು ಮುಟ್ಟಲೇ ಇಲ್ಲ. ಇಲ್ಲಿ ನಾವು ಕ್ಲಿನಿಕ್‌ಗೆ ಅಲೆದು ಹಳೆಯ ಫೈಲ್ ಹುಡುಕಿಸಿ ಫೋಟೋ ಕಳಿಸಿದ ಮೇಲೆ ಐದು ನಿಮಿಷದ ಕೆಲಸ ಮುಗಿಯಿತು. ಪ್ರತಿ ಇಂಪ್ಲಾಂಟಿನ ಡಬ್ಬಿಯ ಮೇಲೆ ಅಳತೆ, ಬ್ಯಾಚ್ ನಂಬರ್ ಇರುವ ಸ್ಟಿಕರ್ ಇರುತ್ತದೆ. ಅದನ್ನು ನಿಮ್ಮ ಫೈಲಿಗೆ ಅಂಟಿಸಿಕೊಡಲು ಕೇಳಿ. ಸ್ಕ್ಯಾನಿನ ಪ್ರತಿಯನ್ನೂ ಪೆನ್‌ಡ್ರೈವ್‌ನಲ್ಲಿ ಇಸ್ಕೊಳ್ಳಿ.

ಊರಿನಲ್ಲೇ ಇರುವ ಅಪ್ಪ ಅಮ್ಮಂದಿರಿಗೆ

ನಮ್ಮ ಕಡೆ ಹಲ್ಲು ಹೋದವರು ಚಿಕಿತ್ಸೆಯನ್ನು ಮುಂದಕ್ಕೆ ಹಾಕಲು ಮುದ್ದೆ ಒಂದು ಕಾರಣ. ಮುದ್ದೆ ಅಗಿಯುವುದಿಲ್ಲ, ನುಂಗುತ್ತೇವೆ. ಬಸ್ಸಾರು ಇದ್ದರೆ ಊಟ ನಡೆದುಹೋಗುತ್ತದೆ. "ಈ ವಯಸ್ಸಿಗೆ ಯಾಕೆ ಬಿಡಿ" ಅಂತಾರೆ. ಆದರೆ ಹಲ್ಲಿಲ್ಲದ ದವಡೆಯ ಮೂಳೆ ಕರಗುತ್ತಲೇ ಇರುತ್ತದೆ. ಮೊದಲ ವರ್ಷ ಎಲ್ಲಕ್ಕಿಂತ ಜಾಸ್ತಿ. ಹತ್ತು ವರ್ಷ ಬಿಟ್ಟು ಹೋದರೆ ಸೆಟ್ ಕೂರಿಸಲು ಬೇಕಾದಷ್ಟು ಮೂಳೆಯ ದಿಬ್ಬವೂ ಉಳಿಯದೇ ಹೋಗಬಹುದು. ತರಕಾರಿ, ಕಾಳು, ಮಾಂಸ ಒಂದೊಂದೇ ತಟ್ಟೆಯಿಂದ ಬಿಟ್ಟುಹೋಗುತ್ತವೆ. ಮಂಡ್ಯದಲ್ಲಿದ್ದು ಕಬ್ಬು ಕಚ್ಚಲಾಗದೆ ವರ್ಷಗಟ್ಟಲೆ ಕಳೆಯುವುದು ಬೇಡ ಅಲ್ವಾ?

ಇವರಿಗೆ ಹೊರದೇಶದ ಮಾತೇ ಬೇಕಿಲ್ಲ. ಒಳ್ಳೆಯ ಸೆಟ್, ಆಗುವುದಾದರೆ ಕೆಳಗೆ ಎರಡು ಇಂಪ್ಲಾಂಟ್. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲೆಂದೇ ರಾಜ್ಯ ಸರ್ಕಾರ ದಂತ ಭಾಗ್ಯ ಯೋಜನೆ ತಂದಿತ್ತು. ಕಾರ್ಡ್ ತೆಗೆದುಕೊಂಡು ಹೋಗಿ ದಂತ ಕಾಲೇಜಿನಲ್ಲೇ ಕೇಳಿ. ಮಕ್ಕಳ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೊರಟವರು ಹೋಗುವ ಮೊದಲೇ ಹಲ್ಲು ತೋರಿಸಿ. ಪ್ರವಾಸಿ ಇನ್ಶೂರೆನ್ಸ್‌ನಲ್ಲಿ ಹಲ್ಲಿಗೆ ತುರ್ತು ನೋವಿನ ಚಿಕಿತ್ಸೆ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ.

ದುಡ್ಡು, ಆರೋಗ್ಯ, ಕಾಗದ

ಎರಡೂ ದವಡೆಗೆ ಅಮೆರಿಕದಲ್ಲಿ 40ರಿಂದ 60 ಸಾವಿರ ಡಾಲರ್ ಅಂದರೆ 34 ಲಕ್ಷದ ಮೇಲೆ. ಮೈಸೂರಿನಲ್ಲಿ ನಾಲ್ಕರಿಂದ ಎಂಟು ಲಕ್ಷ, ಎರಡು ಸಲದ ಟಿಕೆಟ್ ಎರಡು ಮೂರು ಲಕ್ಷ. ವ್ಯತ್ಯಾಸ ದೊಡ್ಡದು. ಅದೇ ಮೂರು ಕ್ಯಾಪ್ ಕೆಲಸಕ್ಕೆಂದೇ ಬಂದರೆ ಉಳಿಸಿದ್ದನ್ನೆಲ್ಲ ಟಿಕೆಟ್ ನುಂಗುತ್ತದೆ. ಮದುವೆಗೋ ಹಬ್ಬಕ್ಕೋ ಹೇಗೂ ಬರುವವರಾದರೆ ಸರಿ. ಸಂಬಳವಿಲ್ಲದ ರಜೆ ಹಾಕಬೇಕಾದವರು ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಶುಗರ್ ಇದ್ದವರು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಹತೋಟಿಗೆ ಬರುವ ತನಕ ಇಂಪ್ಲಾಂಟ್ ಮಾತೆತ್ತಬೇಡಿ. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆ ಅಥವಾ ಜೊಲೆಡ್ರೊನಿಕ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಹಲ್ಲು ಕೀಳುವ ಮೊದಲೇ ಡಾಕ್ಟರ್‌ಗೆ ಹೇಳಲೇಬೇಕು. ಅಪರೂಪಕ್ಕಾದರೂ ಗಾಯ ಮಾಯದೆ ದವಡೆಯ ಮೂಳೆಯೇ ಸಾಯುವುದುಂಟು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನು ಕೇಳಿ. ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸೋಲುವುದು ಜಾಸ್ತಿ. ಗುಟ್ಕಾ, ಅಡಿಕೆ ಜಗಿದು ಬಾಯಿ ಪೂರ್ತಿ ತೆರೆಯಲಾಗದವರಿಗೆ ಮೊದಲು ಆ ಚಿಕಿತ್ಸೆಯೇ ಆಗಬೇಕು. ಇವನ್ನೆಲ್ಲ ಮುಚ್ಚಿಟ್ಟು ವಿಮಾನ ಹತ್ತಿದರೆ ಅಲ್ಲಿ ಹೋಗಿ ಕೆಲಸವಾಗದೆ ವಾಪಸ್ ಬರಬೇಕಾಗುತ್ತದೆ. ಸೈನಸ್ ಎತ್ತರಿಸಿ ಮೂಳೆ ತುಂಬಿಸಿಕೊಂಡವರು ಡಾಕ್ಟರ್ ಒಪ್ಪುವ ತನಕ ವಿಮಾನ ಹತ್ತಬಾರದು. ವಾಪಸ್ ಟಿಕೆಟ್ ತೆಗೆಸುವಾಗ ಇದು ನೆನಪಿರಲಿ.

ಕೆಲಸ ಕೆಟ್ಟರೆ ದೂರು ಕೊಡುವುದು ಎಲ್ಲಿ? 1995ರಲ್ಲಿ ಸುಪ್ರೀಂ ಕೋರ್ಟ್ ದುಡ್ಡು ಪಡೆದು ಮಾಡುವ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನ ಒಳಗೆ ತಂದಿತು. ಮೈಸೂರಿನಲ್ಲಿ ಮಾಡಿಸಿದ್ದರೆ ಇಲ್ಲಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ನಿಮ್ಮ ಪರವಾಗಿ ಓಡಾಡಲು ಮನೆಯವರು ಇಲ್ಲಿದ್ದಾರೆ. ಅಂಟಾಲ್ಯದಲ್ಲಿ ಯಾರಿದ್ದಾರೆ? ಏನೇ ಆಗಲಿ, ಪಕ್ಕಾ ಬಿಲ್ ಮತ್ತು ಚಿಕಿತ್ಸೆಯ ಯೋಜನೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಗ್ಯಾರಂಟಿ ಅಂದರೆ ಇಂಪ್ಲಾಂಟಿಗೋ, ಮೇಲಿನ ಸಾಲಿಗೋ, ಡಾಕ್ಟರ್ ಫೀಸಿಗೋ ಅಂತ ಅದರಲ್ಲೇ ಬರೆಸಿ.

ಈ ಸಲ ದಸರಾಕ್ಕೆ ಬರಬೇಕು ಅಂದುಕೊಂಡಿರುವವರು ಜುಲೈನಲ್ಲೇ ಅಲ್ಲಿ ಒಂದು ಸ್ಕ್ಯಾನ್ ತೆಗೆಸಿ ಇಲ್ಲಿಯ ಇಬ್ಬರು ಡಾಕ್ಟರ್‌ಗಳಿಗೆ ಕಳಿಸಿ. ದಸರಾ ರಜೆಯಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡು ತಾತ್ಕಾಲಿಕ ಸಾಲಿನೊಂದಿಗೆ ಹೋದರೆ, ಯುಗಾದಿಯ ಹೊತ್ತಿಗೆ ಮೇಲಿನ ದವಡೆಯೂ ಗಟ್ಟಿ ಸಾಲಿಗೆ ಸಿದ್ಧವಾಗಿರುತ್ತದೆ. ಡಿಸೆಂಬರ್ ಕೊನೆಯ ವಾರ ಮಾತ್ರ ಬೇಡ. ಆಗ ಎಲ್ಲರೂ ರಜೆಗೆ ಬಂದಿರುತ್ತಾರೆ, ಲ್ಯಾಬಿನವರಿಗೂ ಒತ್ತಡ, ಅಳತೆ ತಪ್ಪಿದರೆ ಮತ್ತೆ ತೆಗೆಯಲು ದಿನವೇ ಇರುವುದಿಲ್ಲ.